ಮುಂದಿನ ಬ್ಯಾಚಿನವರೂ ಓದುವಂಥ ವೆಬ್‌ಸೈಟ್

ಕೆಂಗೇರಿ ಉಪನಗರದಿಂದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: 'ನಮ್ಮ ಕಾಲೇಜಿನ ಕನ್ನಡ ಸಂಘಕ್ಕೆ ರಾಜ್ಯೋತ್ಸವದ ಹೊತ್ತಿಗೆ ಒಂದು ವೆಬ್‌ಸೈಟ್ ಮಾಡಬೇಕು ಅಂತಿದ್ದೇವೆ ಸರ್. ವರ್ಡ್‌ಪ್ರೆಸ್ ಒಳ್ಳೆಯದಾ, ಅಥವಾ ಈಗಿನ ಎಐ ಟೂಲ್‌ನಲ್ಲಿ ಮಾಡಿಸಿದರೆ ಸಾಕಾ?' ಮೈಸೂರು ರಸ್ತೆ, ಉತ್ತರಹಳ್ಳಿ ರಸ್ತೆಯ ಆಸುಪಾಸಿನಲ್ಲಿ ಕಾಲೇಜುಗಳಿಗೆ ಬರವಿಲ್ಲ, ಒಂದೊಂದರಲ್ಲೂ ಹಲವು ಸಂಘಗಳು. ಎಷ್ಟೋ ಜನಕ್ಕೆ ಇದೇ ಪ್ರಶ್ನೆ ಇದ್ದೀತು. ಹಾಗಾಗಿ ಉತ್ತರ ಸ್ವಲ್ಪ ಉದ್ದವೇ ಆಗಲಿ.

ಟೂಲ್ ಯಾವುದಾದರೂ ನಡೆಯುತ್ತದೆ. ಎಐಗೆ ಹೇಳಿದರೆ ಕಣ್ಣು ಕೋರೈಸುವ ಮುಖಪುಟ ಕೆಲವೇ ನಿಮಿಷದಲ್ಲಿ ಸಿದ್ಧ. ಆದರೆ ಹೋದ ವರ್ಷ ನಾಟಕ ಆಡಿಸಿದ್ದು ಯಾರು, ಕವಿಗೋಷ್ಠಿಯಲ್ಲಿ ಓದಿದ ಪದ್ಯಗಳು ಯಾವುವು, ಇದೆಲ್ಲ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ನೀವು ಪಾಸಾಗಿ ಹೋದ ಮೇಲೆ ಬರುವ ಹುಡುಗ ಹುಡುಗಿಯರಿಗೆ ಅಲ್ಲಿ ಏನು ಸಿಗಬೇಕು ಅನ್ನುವುದನ್ನು ಮೊದಲು ಕೂತು ಬರೆದುಕೊಳ್ಳಿ. ಯೋಜನೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು.

ಬರೆದದ್ದನ್ನು ಮುಂದಿನವರಿಗೆ ಉಳಿಸುವ ಈ ಹಂಬಲ ಕಾಲೇಜು ಸಂಘಗಳಿಗೆ ಹೊಸದೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಡಿಸಿತು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಅವರು ವಿದ್ಯಾರ್ಥಿಗಳ ಬರಹವನ್ನು ಪುಟ್ಟ ಪುಟ್ಟ ಪುಸ್ತಕ ಮಾಡಿ ಹಂಚಿದರು. ವೆಬ್‌ನಲ್ಲೂ ವಿದ್ಯಾರ್ಥಿ ಸಂಘಗಳು ಹಿಂದೆ ಬಿದ್ದವಲ್ಲ. ಟಿಮ್ ಬರ್ನರ್ಸ್-ಲೀ ವೆಬ್‌ನ ಮೊದಲ ಪ್ರಸ್ತಾವ ಬರೆದದ್ದು 1989ರಲ್ಲಿ. ಅದರ ಸಾಫ್ಟ್‌ವೇರನ್ನು ಸರ್ನ್ ಸಂಸ್ಥೆ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟದ್ದು 1993ರ ಏಪ್ರಿಲ್ 30ರಂದು. ಅದೇ ವರ್ಷ ಅಮೆರಿಕದ ಎಂಐಟಿಯಲ್ಲಿ ವೆಬ್ ಸರ್ವರ್ ನಡೆಸಲು ಶುರು ಮಾಡಿದ್ದು 'ಸ್ಟೂಡೆಂಟ್ ಇನ್ಫರ್ಮೇಶನ್ ಪ್ರೊಸೆಸಿಂಗ್ ಬೋರ್ಡ್' ಎಂಬ ವಿದ್ಯಾರ್ಥಿ ಕೂಟ.

ಈಗ ಕನ್ನಡದ ಮಾತಿಗೆ ಬರೋಣ. ನಿಮ್ಮ ಸಂಘದ ವಾರ್ಷಿಕ ಸಂಚಿಕೆಗಳು ಯಾವುದೋ ಪೆನ್‌ಡ್ರೈವ್‌ನಲ್ಲೋ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲೋ ಇರಬಹುದು. ಅದರಿಂದ ಒಂದು ಪ್ಯಾರಾ ಕಾಪಿ ಮಾಡಿ ವೆಬ್ ಪುಟಕ್ಕೆ ಹಾಕಿ ನೋಡಿ. ಹಳೆಯ ನುಡಿ ಫಾಂಟಿನ ಕಡತವಾಗಿದ್ದರೆ 'ಕೆಂಗೇರಿ' ಅನ್ನುವಲ್ಲಿ ದೊಡ್ಡ ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟು ಹೊತ್ತ ಇ, ಆಮೇಲೆ ಎ, ಯು, ಮತ್ತೆ ಗೀಟಿನ ಇ, ಅಲೆಗೆರೆಯ ಎ, ಕೊನೆಗೆ ಸಣ್ಣ ಜೆ ಬಂದು ಕೂರುತ್ತವೆ. ಕಡತ ಕೆಟ್ಟಿಲ್ಲ. ಒಳಗೆ ಮೊದಲಿನಿಂದಲೂ ಇದ್ದದ್ದು ಅವೇ.

ಯಕ್ಷಗಾನದ ಚೌಕಿ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಣ್ಣ ಹಚ್ಚಿ, ಕಿರೀಟ ಕಟ್ಟಿ ರಂಗಕ್ಕೆ ಬಂದಾಗ ಅವನು ಕೌರವ. ಚೌಕಿಗೆ ಮರಳಿ ಬಣ್ಣ ತೆಗೆದರೆ ಪಕ್ಕದೂರಿನ ಕಲಾವಿದ. ಹಳೆಯ ಕನ್ನಡ ಫಾಂಟುಗಳೂ ಹೀಗೆ ವೇಷ ಕಟ್ಟುತ್ತಿದ್ದವು. ಕಂಪ್ಯೂಟರಿನಲ್ಲಿ ದಾಖಲಾಗುತ್ತಿದ್ದುದು ಇಂಗ್ಲಿಷ್ ಅಕ್ಷರದ ಸಂಖ್ಯೆ. 'ಪಿ' ಬಂದಲ್ಲಿ 'ಕ'ದ ಮೈ ಬಿಡಿಸು, 'ಜೆ' ಬಂದಲ್ಲಿ 'ರಿ' ಬಿಡಿಸು ಎಂದು ಫಾಂಟು ಹೇಳುತ್ತಿತ್ತು. ಆ ಫಾಂಟು ಇಲ್ಲದ ಫೋನಿಗೆ ಬರಹ ಹೋದರೆ ವೇಷ ಕಳಚಿ ಬೀಳುತ್ತದೆ. ಗೂಗಲ್ಲಿನಂಥ ಹುಡುಕುಯಂತ್ರವಂತೂ ರಂಗಕ್ಕೆ ಬರುವುದೇ ಇಲ್ಲ, ನೇರ ಚೌಕಿಗೆ ಹೋಗಿ ಹೆಸರು ಕೇಳುತ್ತದೆ. ಹಾಗಾಗಿ 'ಕೆಂಗೇರಿ' ಎಂದು ಹುಡುಕಿದವರಿಗೆ ನಿಮ್ಮ ಪುಟ ಸಿಗುವುದಿಲ್ಲ.

ಈ ಫಾಂಟುಗಳನ್ನು ಮಾಡಿದವರನ್ನು ದೂರಲು ನನಗೆ ಮನಸ್ಸಿಲ್ಲ. ಒಂದು ಬೈಟಿನಲ್ಲಿ ಹಿಡಿಸುವುದು 256 ಸಂಕೇತ ಮಾತ್ರ. ಗುಣಿತಾಕ್ಷರ, ಒತ್ತಕ್ಷರಗಳ ಇಷ್ಟು ದೊಡ್ಡ ಸಂಸಾರವನ್ನು ಅಷ್ಟರಲ್ಲಿ ಅಡಕ ಮಾಡಿದ್ದು ಬಹಳ ಜಾಣ್ಮೆಯ ಕೆಲಸ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶಗಳು, ಇವೆಲ್ಲ ಇಲ್ಲದಿದ್ದರೆ ನಾವು ಕಂಪ್ಯೂಟರಿನಲ್ಲಿ ಕನ್ನಡವನ್ನೇ ಕಾಣುತ್ತಿರಲಿಲ್ಲ. ಯು.ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಜಾಲಪತ್ರಿಕೆ ತಂದರು. ಆಗಿನ ಕಂಪ್ಯೂಟರುಗಳಲ್ಲಿ ಕನ್ನಡ ಮೂಡಿಸುವುದೇ ಸಾಹಸ.

ಈ ವೇಷವನ್ನೇ ಬೇಡವಾಗಿಸಿದ್ದು ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ. ಅದು 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಅದನ್ನು ತೆರೆಯ ಮೇಲೆ ಸರಿಯಾಗಿ ತೋರಿಸುವ ಸೌಲಭ್ಯ ವಿಂಡೋಸ್‌ಗೆ ಬಂದದ್ದು ಮಾತ್ರ 2001ರ ಎಕ್ಸ್‌ಪಿಯ ಕಾಲಕ್ಕೆ, ತುಂಗಾ ಫಾಂಟಿನ ಜೊತೆ. ಯೂನಿಕೋಡ್‌ನಲ್ಲಿ 'ಕ' ಅಂದರೆ ಒಳಗೂ ಹೊರಗೂ 'ಕ'ವೇ. 'ಕೆಂಗೇರಿ' ಪದದಲ್ಲಿ ಕ, ಎತ್ವ, ಅನುಸ್ವಾರ, ಗ, ಏತ್ವ, ರ, ಇತ್ವ ಎಂದು ಏಳು ಸಂಕೇತಗಳು. ವೆಬ್‌ನಲ್ಲಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 21. ಇದೇ ಪದವನ್ನು ಪುಟದ ವಿಳಾಸದಲ್ಲಿ ಹಾಕಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳು ತುಂಬಿದ 63 ಅಕ್ಷರಗಳ ಬಾಲವಾಗಿಬಿಡಬಹುದು. ಅದಕ್ಕೇ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿಡಿ, ಪುಟದ ಒಳಗೆ ಕನ್ನಡ ಎಷ್ಟು ಬೇಕಾದರೂ ಇರಲಿ.

ಹಳೆಯ ಸಂಚಿಕೆಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. 'ಕರ್ನಾಟಕ'ದಲ್ಲಿ ಹಳೆಯ ಕಡತವು ಅರ್ಕಾವತ್ತನ್ನು 'ನಾ' ಆದ ಮೇಲೆ ಇಟ್ಟಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ತಪ್ಪುಗಳು ಹೆಚ್ಚಾಗಿ ನುಸುಳುವುದು ಇಲ್ಲೇ.

ಬರಹವನ್ನೆಲ್ಲ ಪೋಸ್ಟರ್ ಮಾಡಿ ಚಿತ್ರವಾಗಿ ಏರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಚಿತ್ರದೊಳಗಿನ ಕವನವನ್ನು ಕಣ್ಣು ಕಾಣದ ಓದುಗರ ಸ್ಕ್ರೀನ್ ರೀಡರ್ ಓದಿ ಹೇಳಲಾರದು. ಪೋಸ್ಟರ್ ಇರಲಿ, ಅದರ ಕೆಳಗೆ ಕವನ ಅಕ್ಷರವಾಗಿಯೂ ಇರಲಿ.

ರಾಜ್ಯೋತ್ಸವದ ಸೈಟ್ ಅಂದರೆ ಕೆಂಪಿನ ಮೇಲೆ ಹಳದಿ ಅಕ್ಷರ ಹಾಕುವ ಆಸೆ ಯಾರಿಗಿಲ್ಲ? ಇದಕ್ಕೊಂದು ಲೆಕ್ಕವಿದೆ. ಎರಡು ಬಣ್ಣಗಳ ಹೊಳಪಿನ ಅನುಪಾತ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕೆಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಪರದೆಯ ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಇಟ್ಟರೆ ಬರುವುದು 3.7 ಅಷ್ಟೇ. ಶೀರ್ಷಿಕೆಗೆ ಸಾಕು, ಪ್ಯಾರಾಗೆ ಸಾಲದು. ಕೆಂಪಿನ ಮೌಲ್ಯವನ್ನು 255ರಿಂದ 128ಕ್ಕೆ ಇಳಿಸಿ ಕಡುಗೆಂಪು ಮಾಡಿದರೆ ಅನುಪಾತ 10 ದಾಟುತ್ತದೆ, ಬಾವುಟದ ಭಾವವೂ ಹೋಗುವುದಿಲ್ಲ. ಹಳದಿಯ ಮೇಲೆ ಕಪ್ಪು ಬರೆದರಂತೂ 19.5. ಮೆಟ್ರೋ ಇಳಿದು ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಈ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಇನ್ನೊಂದು, ಸಿದ್ಧ ಟೆಂಪ್ಲೇಟುಗಳು ಬಹುತೇಕ ಇಂಗ್ಲಿಷ್‌ಗೆಂದೇ ಅಳೆದು ಮಾಡಿದವು. ಮೆನುವಿನಲ್ಲಿ 'ಸಾಂಸ್ಕೃತಿಕ' ಎಂದು ಬರೆದು ನೋಡಿ. 'ಸ'ದ ಕೆಳಗೆ ಕಾವೊತ್ತು, ಅದರ ಜೊತೆ ವಟ್ರಸುಳಿ. ಸಾಲಿನ ಎತ್ತರ ಹೆಚ್ಚಿಸದಿದ್ದರೆ ಬುಡ ಕತ್ತರಿಸಿಹೋಗುತ್ತದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಎಲ್ಲ ಮುಕ್ತವಾಗಿ ಸಿಗುತ್ತವೆ. ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಏರಿಸದೆ ಕುಗ್ಗಿಸಿ ಹಾಕಿ.

ವೆಬ್‌ಸೈಟುಗಳು ಬೇಗ ಸಾಯುತ್ತವೆ. ಕೋಟ್ಯಂತರ ಪುಟಗಳಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿವೆ ಎಂದು ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಕೊಟ್ಟಿತು. ಕಾಲೇಜು ಸಂಘದ ಸೈಟಿಗೆ ಆಯಸ್ಸು ಇನ್ನೂ ಕಡಿಮೆ ಅನ್ನಿಸುತ್ತದೆ ನನಗೆ, ಏಕೆಂದರೆ ನಡೆಸುವವರೇ ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾರೆ. ಡೊಮೇನ್ ಹೆಸರು ಫೈನಲ್ ಇಯರ್ ಹುಡುಗನ ಸ್ವಂತ ಇಮೇಲ್‌ನಲ್ಲಿ, ಓಟಿಪಿ ಅವನ ಮೊಬೈಲಿಗೆ. ಅವನು ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ ವರ್ಷ ನವೀಕರಣದ ಹಣ ಕಟ್ಟುವವರಿಲ್ಲ. ಆದ್ದರಿಂದ ಸಂಘದ ಹೆಸರಿನಲ್ಲೇ ಇಮೇಲ್ ತೆರೆಯಿರಿ, ಅದಕ್ಕೆ ಸಂಚಾಲಕ ಅಧ್ಯಾಪಕರ ಫೋನ್ ಜೋಡಿಸಿ. ಪದಾಧಿಕಾರಿಗಳು ಬದಲಾಗುವ ದಿನ ಪಾಸ್‌ವರ್ಡೂ ಕೈಬದಲಾಗಲಿ.

ಡೇಟಾಬೇಸ್, ಪ್ಲಗಿನ್ ಇಲ್ಲದ ಸರಳ ಎಚ್‌ಟಿಎಂಎಲ್ ಪುಟಗಳಿಗೆ ನನ್ನ ಮತ. ಅಪ್‌ಡೇಟ್ ಮಾಡದೆ ವರ್ಷಗಟ್ಟಲೆ ಬಿಟ್ಟರೂ ಅವು ತೆರೆಯುತ್ತವೆ. ಸೈಟ್ ಏರಿಸಿದ ಮೇಲೆ ಪ್ರತಿ ಪುಟದ ವಿಳಾಸವನ್ನೂ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟು ಒಂದು ಪ್ರತಿ ತೆಗೆಸಿಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಎಲ್ಲ ಕಡತಗಳ ಇನ್ನೊಂದು ಪ್ರತಿ ಕಾಲೇಜಿನ ಲೈಬ್ರರಿಯಲ್ಲಿ, ವಾರ್ಷಿಕ ಸಂಚಿಕೆಗಳ ಜೊತೆಗೇ ಇರಲಿ.