ಗದ್ದೆಯ ಮಣ್ಣನ್ನೇ ಬದಲಿಸಿದ ಕಥೆ

ಜಪಾನಿ ಭಾಷೆಯಲ್ಲಿ ‘ಇತಾಯಿ’ ಎಂದರೆ ‘ನೋಯ್ತಿದೆ’. ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಮಗು ಕಿರುಚುವ ಮಾತು. ತೊಯಾಮಾ ಪ್ರಾಂತ್ಯದಲ್ಲಿ ಜಿಂಜೂ ನದಿಯ ನೀರುಂಡು ಭತ್ತ ಬೆಳೆಯುವ ಹಳ್ಳಿಗಳಲ್ಲಿ ಇದೇ ಮಾತು ಎರಡು ಸಲ ಕೂಡಿ ಒಂದು ಕಾಯಿಲೆಯ ಹೆಸರಾಯಿತು: ಇತಾಯಿ-ಇತಾಯಿ. ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ನಾಲ್ಕಾರು ಹೆತ್ತು, ಮುಟ್ಟು ನಿಂತ ವಯಸ್ಸಿನ ಹೆಂಗಸರು. ಮೊದಲು ಸೊಂಟನೋವು, ಆಮೇಲೆ ಬಾತುಕೋಳಿಯಂಥ ನಡಿಗೆ, ಕೊನೆಗೆ ಕೆಮ್ಮಿದರೂ ಪಕ್ಕೆಲುಬು ಮುರಿಯುವ ಅವಸ್ಥೆ. ಒಬ್ಬಾಕೆಯ ಮೈಯಲ್ಲಿ 72 ಕಡೆ ಮೂಳೆ ಮುರಿದಿತ್ತು. ಊರವರು ಕರ್ಮದ ಫಲ ಎಂದರು.

ಕರ್ಮ ನದಿಯ ಮೇಲ್ಗಡೆ ಇತ್ತು. ಗಿಫು ಪ್ರಾಂತ್ಯದ ಬೆಟ್ಟಗಳಲ್ಲಿ, ಮಿತ್ಸುಯಿ ಒಡೆತನದ ಕಾಮಿಯೋಕಾ ಗಣಿಯಲ್ಲಿ, ಸೀಸ ಮತ್ತು ಸತುವಿನ ಅದಿರು ತೆಗೆಯುತ್ತಿದ್ದರು. ಸತು ಒಂಟಿಯಾಗಿ ಬರುವ ಲೋಹವಲ್ಲ. ಅದಿರು ಹರಳುಗಟ್ಟುವಾಗಲೇ ಅದರ ದಾಯಾದಿ ಕ್ಯಾಡ್ಮಿಯಂ ಒಳಗೆ ಸೇರಿಕೊಂಡಿರುತ್ತದೆ. ಬಂಡೆಯೊಳಗೆ ಗಂಧಕಕ್ಕೆ ಅಂಟಿಕೊಂಡು ಕೋಟ್ಯಂತರ ವರ್ಷ ತೆಪ್ಪಗಿದ್ದುದನ್ನು ಎಬ್ಬಿಸಿದ್ದು ಮನುಷ್ಯ. ಇಪ್ಪತ್ತನೇ ಶತಮಾನದಲ್ಲಿ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೊರೆಯಲ್ಲಿ ತೇಲಿಸಿ ಲೋಹ ಬೇರ್ಪಡಿಸುವ ವಿಧಾನ ಬಂತು. ಯುದ್ಧಗಳು ಬಂದವು, ಸತುವಿಗೆ ಬೇಡಿಕೆ ಏರಿತು. ಉಳಿದ ಕೆಸರು ಹೊಳೆಗೆ. ಕಲ್ಲಾಗಿದ್ದಾಗ ಹೊಳೆಯ ತಳದಲ್ಲೇ ಬಿದ್ದಿರುತ್ತಿದ್ದುದು ಈಗ ಹಿಟ್ಟಾಗಿ ಹತ್ತಾರು ಕಿಲೋಮೀಟರ್ ತೇಲಿ, ಕಾಲುವೆ ಹಿಡಿದು ಗದ್ದೆಗೆ ಬಂದು ನಿಂತಿತು. ಗದ್ದೆಯೊಳಗೂ ಅದು ಒಂದೇ ಸಮ ಹರಡಲಿಲ್ಲ. ನೀರು ಒಳಗಿಳಿಯುವ ಮೂಲೆಯಲ್ಲೇ ವಿಷ ಹೆಚ್ಚು, ಪೈರು ಸೊರಗುತ್ತಿದ್ದುದೂ ಅಲ್ಲೇ.

ಭತ್ತದ ಗದ್ದೆಯ ರಸಾಯನ ವಿಚಿತ್ರವಾದುದು. ನೀರು ನಿಂತಷ್ಟು ದಿನ ಕ್ಯಾಡ್ಮಿಯಂ ಗಂಧಕದ ಜೊತೆ ಕಟ್ಟಿಕೊಂಡು ಕೆಸರಿನಲ್ಲೇ ಇರುತ್ತದೆ. ತೆನೆ ಬಲಿಯುವ ಹೊತ್ತಿಗೆ, ಕೊಯ್ಲಿಗೆ ಅನುಕೂಲವಾಗಲೆಂದು ನೀರು ಬಸಿದರೆ ಮಣ್ಣಿಗೆ ಗಾಳಿಯಾಡಿ, ಕಟ್ಟು ಬಿಚ್ಚಿ, ಬೇರಿನ ಮೂಲಕ ಕಾಳಿಗೆ ಏರುತ್ತದೆ. ಹಾಗಾದರೆ ನೀರು ಬಸಿಯದೇ ಇರಬಹುದಲ್ಲ ಎನ್ನುತ್ತೀರಾ? ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ನಿಂತ ನೀರಿನಲ್ಲೇ ಅದು ಬಿಡುಗಡೆಯಾಗುತ್ತದೆ. ಒಂದಕ್ಕೆ ಒಣಗು ಬೇಕು, ಇನ್ನೊಂದಕ್ಕೆ ತೇವ. ರೈತನ ಪಾಡು ಅತ್ತ ದರಿ, ಇತ್ತ ಪುಲಿ. ಅನ್ನದ ಮೂಲಕ ಒಳಹೋದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಠಿಕಾಣಿ ಹೂಡುತ್ತದೆ. ಕೆಟ್ಟ ಮೂತ್ರಪಿಂಡ ರಂಜಕ, ಕ್ಯಾಲ್ಸಿಯಂಗಳನ್ನು ಹೊರಗೆ ಚೆಲ್ಲುತ್ತದೆ. ಮೂಳೆ ಮೆತ್ತಗಾಗುತ್ತದೆ.

ಇದನ್ನು ಬೆನ್ನುಹತ್ತಿದವರು ಯುದ್ಧದಿಂದ ಮರಳಿ ಊರಿನ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ವೈದ್ಯ ನೊಬೊರು ಹಗಿನೊ. ಒಕಯಾಮಾ ವಿಶ್ವವಿದ್ಯಾಲಯದ ಜುನ್ ಕೊಬಯಾಶಿ ಮಾದರಿಗಳನ್ನು ಪರೀಕ್ಷಿಸಿದರು. 1961ರಲ್ಲಿ ಕ್ಯಾಡ್ಮಿಯಂ ಹೆಸರು ಹೊರಬಿತ್ತು. ಮೆಚ್ಚಿ ಹೊಗಳಿದವರು ಕಡಿಮೆ. ನಮ್ಮ ಅಕ್ಕಿ ಯಾರು ಕೊಳ್ಳುತ್ತಾರೆ, ನಮ್ಮ ಹುಡುಗರಿಗೆ ಹೆಣ್ಣು ಯಾರು ಕೊಡುತ್ತಾರೆ ಎಂಬ ಅಂಜಿಕೆ ಊರೊಳಗೇ ಇತ್ತು. ಈ ಅಂಜಿಕೆ ನಮಗೇನೂ ಹೊಸದಲ್ಲ. 1968ರಲ್ಲಿ ಸರ್ಕಾರ ಕಾಯಿಲೆಯ ಕಾರಣವನ್ನು ಒಪ್ಪಿತು. ಕ್ಯಾಡ್ಮಿಯಂ ಕಾರಣವೇ ಅಲ್ಲ ಎಂದು ಕಂಪನಿ ಕೋರ್ಟಿನಲ್ಲಿ ವಾದಿಸಿತು. 1971ರಲ್ಲಿ ಸೋತಿತು, ಮೇಲ್ಮನವಿ ಹಾಕಿ 1972ರಲ್ಲಿ ಮತ್ತೆ ಸೋತಿತು.

ವಿಷ ಮೊದಲೇ ಕಲ್ಲಿನಲ್ಲಿತ್ತು, ತಪ್ಪು ಭೂಮಿಯದು ಎಂಬ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರು ಕುಡಿದು ಚರ್ಮ ಕೆಟ್ಟವರ ಮೈಗೆ ಸೇರಿದ್ದು ಆರ್ಸೆನಿಕ್. ಅಲ್ಲಿನ ಶಿಲೆಗಳಲ್ಲಿ ಚಿನ್ನದ ಜೊತೆಗಾರ ಅದು. ಮುಚ್ಚಿದ ಚಿನ್ನದ ಗಣಿಯೂ ಹತ್ತಿರದಲ್ಲೇ ಇದೆ. ಆದರೆ ಭೂಮಿಯ ತಪ್ಪು ಎಂದು ಕೈತೊಳೆದುಕೊಂಡರೆ, ಅಗೆದವರು, ಅರೆದವರು, ಕೊಳವೆ ಇಳಿಸಿದವರು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾರೆ.

ತೊಯಾಮಾದಲ್ಲಿ ಉಳಿದದ್ದು ಮಣ್ಣಿನ ಪ್ರಶ್ನೆ. ಲೋಹ ಕೊಳೆಯುವುದಿಲ್ಲ, ಸುಟ್ಟರೂ ಅಳಿಯುವುದಿಲ್ಲ. ಹಾಗಾಗಿ ಗದ್ದೆಯನ್ನೇ ಬದಲಿಸಿದರು. ಕೆಟ್ಟ ಮೇಲ್ಮಣ್ಣನ್ನು ಆಳಕ್ಕೆ ಹೂತು, ಅದರ ಮೇಲೆ ಗಟ್ಟಿ ಪದರ ಹಾಸಿ, ಬೆಟ್ಟದಿಂದ ತಂದ ಮಣ್ಣು ಹೊದಿಸಿದರು. ತಲೆಮಾರುಗಳು ಹದ ಮಾಡಿದ ಕಪ್ಪು ಮಣ್ಣು ಹೋಗಿ, ಸತ್ವವಿಲ್ಲದ ಹೊಸ ಮಣ್ಣಿಗೆ ಮೊದಲಿನಿಂದ ಗೊಬ್ಬರ ಹಾಕಬೇಕಾಯಿತು. 863 ಹೆಕ್ಟೇರ್ ಮುಗಿಯುವಷ್ಟರಲ್ಲಿ 2012 ಬಂದಿತ್ತು. ಮೂರು ದಶಕದ ಮೇಲಾಯಿತು, ಸುಮಾರು 4,070 ಕೋಟಿ ಯೆನ್ ಖರ್ಚಾಯಿತು.

ಪರಿಹಾರದ ಹಣಕ್ಕಿಂತ ದೊಡ್ಡ ಗೆಲುವು 1972ರ ಕೋರ್ಟು ತೀರ್ಪಿನ ಮರುದಿನ ಕಂಪನಿಯಿಂದ ಬರೆಸಿಕೊಂಡ ಕರಾರು ಎಂದು ನನಗನ್ನಿಸುತ್ತದೆ. ರೈತರು ತಜ್ಞರನ್ನು ಕರೆದುಕೊಂಡು ಯಾವಾಗ ಬೇಕಾದರೂ ಗಣಿಯೊಳಗೆ ಹೋಗಿ ನೋಡಬಹುದು, ಖರ್ಚು ಕಂಪನಿಯದು. ಅದಿರು ತೆಗೆಯುವುದು ನಿಂತು ಇಪ್ಪತ್ತು ವರ್ಷ ದಾಟಿದ ಮೇಲೂ ಕೆಳದಂಡೆಯ ಜನ ವರ್ಷಕ್ಕೊಮ್ಮೆ ಬೆಟ್ಟ ಹತ್ತಿ ಆ ತಪಾಸಣೆ ನಡೆಸುತ್ತ ಬಂದಿದ್ದಾರೆ.