ಬೆಟ್ಟದ ಮೇಲಿನ ಎರಡು ಬಗೆಯ ಮನೆಗಳು

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಬೆಟ್ಟಗಳ ನಾಡು. ಅದರ ಉತ್ತರದಲ್ಲಿ ಸ್ನೋಡನ್ ಪರ್ವತದ ಸುತ್ತಣ ಇಳಿಜಾರುಗಳನ್ನು ಏರುವವರಿಗೆ ಹುಲ್ಲುಗಾವಲಿನ ನಡುವೆ ಹಳೆಯ ಕಲ್ಲಿನ ತಳಪಾಯಗಳು ಅಲ್ಲಲ್ಲಿ ಗೋಚರಿಸುತ್ತವೆ. ಅವುಗಳಲ್ಲಿ ಕೆಲವು ಬಳೆಯಂತೆ ದುಂಡಾಗಿವೆ. ಕೆಲವು ನಾಲ್ಕು ಮೂಲೆಗಳುಳ್ಳ ಉದ್ದನೆಯ ಕೋಣೆಗಳು. ಮೇಯುವ ಕುರಿಗಳ ಹೊರತು ಬೇರೆ ಸದ್ದಿಲ್ಲದ ಈ ಎತ್ತರದಲ್ಲಿ ಹಿಂದೆ ಸಂಸಾರ ಹೂಡಿದ್ದವರು ಯಾರು?

ದುಂಡು ಮನೆಗಳು ಬಹಳ ಪುರಾತನವಾದವು. ಕಂಚಿನ ಯುಗದಲ್ಲಿ ಆರಂಭವಾದ ಈ ರಚನೆ ಕಬ್ಬಿಣದ ಯುಗವನ್ನು ದಾಟಿ ರೋಮನ್ನರ ಆಳ್ವಿಕೆಯ ಕಾಲದವರೆಗೂ ನಡೆದುಬಂದಿತು. ವೃತ್ತಾಕಾರದ ಗಿಡ್ಡ ಕಲ್ಲುಗೋಡೆ, ಅದರ ಮೇಲೆ ಮರದ ತೊಲೆಗಳು, ಹುಲ್ಲು ಹೊದಿಸಿದ ಶಂಕುವಿನಾಕಾರದ ಮಾಡು. ಒಳಗೆ ನಡುವೆ ಒಲೆ. ಹೊಗೆಗಂಡಿ ಇರಲಿಲ್ಲ, ಹೊಗೆ ಹುಲ್ಲಿನ ಸಂದುಗಳಿಂದಲೇ ಹೊರಹೋಗುತ್ತಿತ್ತು. ಇಂತಹ ಅನೇಕ ಮನೆಗಳ ಬಳಿಯಲ್ಲಿ ಹೊಲಗಳ ಬದುಗಳೂ ದನದ ದೊಡ್ಡಿಗಳ ಗುರುತುಗಳೂ ಇವೆ. ಅಲ್ಲಿದ್ದವರು ನೆಲೆನಿಂತ ರೈತರೆಂಬುದಕ್ಕೆ ಇವೇ ಸಾಕ್ಷಿ.

ಆದರೆ ಮುಂದಿನ ತಲೆಮಾರಿನವರು ಇದನ್ನು ಮರೆತರು. ಈ ಕಲ್ಲಿನ ವೃತ್ತಗಳಿಗೆ ಅವರು ಇಟ್ಟ ಹೆಸರಿನ ಅರ್ಥ ‘ಐರಿಷರ ಗುಡಿಸಲುಗಳು’ ಎಂದು! ಹೋಲಿಹೆಡ್ ಬೆಟ್ಟದ ತಪ್ಪಲಿನ ಟೀ ಮೌರ್ ಎಂಬಲ್ಲಿ ಇಂತಹ ಸುಮಾರು ಇಪ್ಪತ್ತು ಕಟ್ಟಡಗಳ ಅವಶೇಷಗಳಿವೆ. 1860ರ ದಶಕದಲ್ಲಿ ಡಬ್ಲ್ಯು. ಓ. ಸ್ಟ್ಯಾನ್ಲಿ ಎಂಬವರು ಅವುಗಳನ್ನು ಅಗೆಸಿ ನೋಡಿದರು. ಅವು ಕಡಲಾಚೆಯಿಂದ ಬಂದವರ ಬಿಡಾರಗಳಲ್ಲ, ಆ ನೆಲದ ಪ್ರಾಚೀನ ನಿವಾಸಿಗಳದೇ ಮನೆಗಳು ಎಂಬುದು ಇಂದಿನ ವಿದ್ವಾಂಸರ ನಿರ್ಣಯ. ಸ್ವಂತ ಪೂರ್ವಿಕರ ಮನೆಯನ್ನೇ ಜನ ಪರಕೀಯರದೆಂದು ಭಾವಿಸಿಬಿಟ್ಟಿದ್ದರು.

ನಾಲ್ಕು ಮೂಲೆಯ ಕೋಣೆಗಳ ಕಥೆಯೇ ಬೇರೆ. ಇವುಗಳಲ್ಲಿ ಹಲವು ಮಧ್ಯಯುಗದಿಂದೀಚಿನ ಬೇಸಗೆಯ ಬಿಡಾರಗಳು. ವೇಲ್ಸ್ ಭಾಷೆಯಲ್ಲಿ ಇದಕ್ಕೆ ‘ಹಾವೊಡ್’ ಎಂದು ಹೆಸರು. ಕಣಿವೆಯ ಮೂಲಮನೆಗೆ ‘ಹೆಂದ್ರೆ’. ಮೇ ತಿಂಗಳ ಮೊದಲ ದಿನದ ಹೊತ್ತಿಗೆ ದನಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋದರೆ, ಹಿಂದಿರುಗುತ್ತಿದ್ದುದು ಚಳಿಗಾಲದ ಹೊಸ್ತಿಲಾದ ನವೆಂಬರ್ ಮೊದಲ ದಿನದ ಸುಮಾರಿಗೆ. ಇದರಿಂದ ಬೆಟ್ಟದ ಎಳೆಹುಲ್ಲು ದನಗಳಿಗೆ ದೊರೆಯುತ್ತಿತ್ತು. ಕೆಳಗಿನ ಪೈರೂ ಹುಲ್ಲೂ ಅವುಗಳ ಬಾಯಿಗೆ ಬೀಳದೆ ಉಳಿಯುತ್ತಿದ್ದವು.

18ನೆಯ ಶತಮಾನದಲ್ಲಿ ಸ್ನೋಡನ್ ಸೀಮೆಯನ್ನು ಸುತ್ತಿದ ಥಾಮಸ್ ಪೆನಂಟ್ ಈ ಬಿಡಾರಗಳನ್ನು ಕಂಡು ವರ್ಣಿಸಿದ್ದಾನೆ. ಉದ್ದನೆಯ ತಗ್ಗು ಕೋಣೆ. ಒಂದು ಕೊನೆಯಲ್ಲಿ ಹೊಗೆ ಹೋಗಲು ಕಿಂಡಿ. ಕೂರಲು ಕಲ್ಲು, ಮಲಗಲು ಒಣಹುಲ್ಲು. ಹಾಲು ಕರೆಯುವುದು, ಬೆಣ್ಣೆ ಮತ್ತು ಗಿಣ್ಣು ಮಾಡುವುದು ಹೆಂಗಸರ ಕೆಲಸ. ಬೆಣ್ಣೆ, ಗಿಣ್ಣು, ಓಟ್ ಧಾನ್ಯದ ರೊಟ್ಟಿಯೇ ಆಹಾರ. ಹಾಲೊಡೆದ ತಿಳಿನೀರೇ ಪಾನೀಯ. ನಮ್ಮ ಅಡಿಗೆಮನೆಗಳಿಗೆ ಪರಿಚಿತವಾದ ಕಲ್ಲುಹೂವಿನ ಬಳಗದವನ್ನೇ ಬಂಡೆಗಳಿಂದ ಕೆರೆದು ತಂದು ಅವರು ತಮ್ಮ ಬಟ್ಟೆಗಳಿಗೆ ಬಣ್ಣ ಕಟ್ಟುತ್ತಿದ್ದರಂತೆ.

ಕ್ರಮೇಣ ದನಗಳ ಸ್ಥಾನವನ್ನು ಕುರಿಗಳು ಆಕ್ರಮಿಸಿದವು. ಕುರಿಗಳನ್ನು ದಿನದಿನವೂ ಕರೆಯಬೇಕಾಗಿರಲಿಲ್ಲ. ಹಾಲಿನ ಕೆಲಸವಿಲ್ಲದ ಮೇಲೆ ಬಿಡಾರವೂ ಬೇಡವಾಯಿತು. ಕೆಲವು ಹಾವೊಡ್‌ಗಳು ಪಾಳುಬಿದ್ದವು. ಕೆಲವು ವರ್ಷಪೂರ್ತಿ ವಾಸದ ಮನೆಗಳಾದವು. ಆದರೂ ಹಾವೊಡ್, ಹೆಂದ್ರೆ ಎಂಬ ಹೆಸರುಗಳು ವೇಲ್ಸಿನ ನಕಾಶೆಯಲ್ಲಿ ಈಗಲೂ ಹೇರಳವಾಗಿವೆ. ದುಂಡು ಮನೆಗಳ ವಿಷಯದಲ್ಲಿ ಕಲ್ಲು ಉಳಿಯಿತು, ನೆನಪು ಅಳಿಯಿತು. ಹಾವೊಡ್‌ನ ವಿಷಯದಲ್ಲಿ ಗೋಡೆ ಕುಸಿದ ಕಡೆಯಲ್ಲೂ ಹೆಸರು ನಿಜವನ್ನೇ ನುಡಿಯುತ್ತಿದೆ. ಊರಿನ ಹಳೆಯ ಹೆಸರುಗಳನ್ನು ಜೋಪಾನವಾಗಿ ಉಳಿಸಿಕೊಳ್ಳಬೇಕಾದುದು ಇದಕ್ಕಾಗಿಯೇ.