ಸಂಡೂರಿನ ಬಂಡೆ ಕಂಡ ಗಾಳಿ

ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟಕ್ಕೆ ಏರುವ ದಾರಿಯ ತಿರುವೊಂದರಲ್ಲಿ, ಜೊತೆಗಿದ್ದ ಭೂವಿಜ್ಞಾನಿ ಮಿತ್ರರು ಕಾರು ನಿಲ್ಲಿಸಿದರು. ಮಳೆಗೆ ತೊಳೆದುಕೊಂಡು ನಿಂತಿದ್ದ ಬಂಡೆಯ ಮೈತುಂಬ ಪಟ್ಟೆಗಳು: ಒಂದು ಕಡುಗೆಂಪು, ಅದರ ಮೇಲೊಂದು ಬೂದು, ಮತ್ತೆ ಕೆಂಪು. ಕೆಂಪಿನದು ಕಬ್ಬಿಣದ ಆಕ್ಸೈಡು, ಬೂದಿನದು ಸಿಲಿಕಾ. ‘ಮುಟ್ಟಿ ನೋಡಿ ಸರ್, ಇದು ಕಡಲತಳ’ ಎಂದರು. ಮುಟ್ಟಿದೆ. ಸುಮಾರು 270 ಕೋಟಿ ವರ್ಷಗಳ ಹಿಂದಿನ ಕಡಲತಳ! ಆ ಕಡಲಿನ ಮೇಲೆ ಬೀಸುತ್ತಿದ್ದ ಗಾಳಿ ಎಂಥದಿರಬಹುದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಮ್ಮ ಉಸಿರಿಗೆ ಒಗ್ಗುವ ಗಾಳಿಯಂತೂ ಅಲ್ಲ. ಸಾರಜನಕವಿತ್ತು, ಇಂಗಾಲದ ಡೈಆಕ್ಸೈಡ್ ಇತ್ತು, ಮೀಥೇನ್ ಇತ್ತು. ಇಂದು ಶೇ 21ರಷ್ಟಿರುವ ಆಮ್ಲಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಸಾಕ್ಷಿ ಗಂಧಕ. ಆಮ್ಲಜನಕವಿಲ್ಲದೆ ಓಝೋನ್ ಪದರವೂ ಇಲ್ಲದ ಕಾಲದಲ್ಲಿ ನೇರಳಾತೀತ ಕಿರಣಗಳು ಗಂಧಕದ ಐಸೋಟೋಪುಗಳ ಮೇಲೆ ವಿಶಿಷ್ಟ ಗುರುತು ಬಿಟ್ಟಿದ್ದವು. ಹಳೆಯ ಶಿಲೆಗಳಲ್ಲಿರುವ ಆ ಗುರುತನ್ನು ಜೇಮ್ಸ್ ಫರ್ಕರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಸುಮಾರು 240 ಕೋಟಿ ವರ್ಷಗಳಿಂದ ಈಚಿನ ಶಿಲೆಗಳಲ್ಲಿ ಅದು ಅಳಿಸಿಹೋಗುತ್ತದೆ. ಆಮ್ಲಜನಕ ಗಾಳಿಗೆ ಬಂದದ್ದು ಆಗ.

ಹಾಗಾದರೆ ಅದಕ್ಕೂ 30 ಕೋಟಿ ವರ್ಷ ಮೊದಲೇ ಸಂಡೂರಿನ ಕಬ್ಬಿಣಕ್ಕೆ ತುಕ್ಕು ಹಿಡಿದದ್ದು ಹೇಗೆ? ಸಯನೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಹೊರಬಿಟ್ಟ ಆಮ್ಲಜನಕವನ್ನು ಕಡಲಿನಲ್ಲಿ ಕರಗಿದ್ದ ಕಬ್ಬಿಣ ಗಾಳಿಗೆ ತಲುಪುವ ಮೊದಲೇ ನುಂಗಿತು ಎಂಬುದು ಪ್ರಚಲಿತ ಉತ್ತರ. ಇನ್ನೊಂದು ಉತ್ತರವಿದೆ. ಬಿಸಿಲಿನ ಬಲದಿಂದ, ಆಮ್ಲಜನಕದ ಹಂಗಿಲ್ಲದೆ, ಕಬ್ಬಿಣವನ್ನೇ ತುಕ್ಕಾಗಿಸಿ ಬದುಕುವ ಬ್ಯಾಕ್ಟೀರಿಯಾಗಳಿವೆ. ಜರ್ಮನಿಯ ವಿಜ್ಞಾನಿಗಳು 1993ರಲ್ಲಿ ಅವನ್ನು ಬೆಳೆಸಿ ತೋರಿಸಿದರು. ಎರಡೂ ನಡೆದಿರಬಹುದು. ನನ್ನ ಒಲವು ಎರಡನೆಯದರ ಕಡೆಗೆ. ಅದು ಗಂಧಕದ ಸಾಕ್ಷ್ಯದೊಡನೆ ಜಗಳವಾಡುವುದಿಲ್ಲ.

ಅದೇ 270 ಕೋಟಿ ವರ್ಷದ ಇನ್ನೊಂದು ಸಾಕ್ಷಿ ನನಗೆ ಎಲ್ಲಕ್ಕಿಂತ ಪ್ರಿಯ: ದಕ್ಷಿಣ ಆಫ್ರಿಕಾದಲ್ಲಿ ಕಲ್ಲಾಗಿ ಉಳಿದ ಮಳೆಹನಿಯ ಗುರುತುಗಳು. ಜ್ವಾಲಾಮುಖಿಯ ಬೂದಿಯ ಮೇಲೆ ಹನಿ ಬಿದ್ದು ಗುಳಿಯಾಯಿತು, ಮೇಲೆ ಇನ್ನಷ್ಟು ಬೂದಿ ಮುಚ್ಚಿತು. ಗಾಳಿ ಸಾಂದ್ರವಾಗಿದ್ದಷ್ಟೂ ಹನಿ ನಿಧಾನ, ಗುಳಿ ಸಣ್ಣದು. ಇಂಥ ಗುರುತುಗಳಿಂದ ಪ್ರಾಚೀನ ಗಾಳಿಯನ್ನು ಅಳೆಯಬಹುದೆಂಬ ಯೋಚನೆ 1851ರಲ್ಲೇ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ಗೆ ಹೊಳೆದಿತ್ತು. ಸಂಜಯ್ ಸೋಮ್ ಮತ್ತು ಸಂಗಡಿಗರು ಅದನ್ನು ಮಾಡಿಯೇ ತೋರಿಸಿದರು. ಐಸ್‌ಲ್ಯಾಂಡ್ ಮತ್ತು ಹವಾಯಿಯ ಬೂದಿ ಹರಡಿ, ಎತ್ತರದಿಂದ ನೀರಿನ ಹನಿ ಬೀಳಿಸಿ, ಗುಳಿಗಳನ್ನು ಅಳೆದರು. 2012ರಲ್ಲಿ ಬಂದ ಫಲಿತಾಂಶ: ಆಗಿನ ಗಾಳಿಯ ಸಾಂದ್ರತೆ ಇಂದಿನದರ ಎರಡರಷ್ಟನ್ನು ಮೀರಿರಲಿಲ್ಲ. 2016ರಲ್ಲಿ ಅದೇ ತಂಡ ಆಸ್ಟ್ರೇಲಿಯಾದ ಲಾವಾದಲ್ಲಿ ಸಿಕ್ಕಿಬಿದ್ದ ಗುಳ್ಳೆಗಳ ಗಾತ್ರ ನೋಡಿ, ಒತ್ತಡ ಇಂದಿನ ಅರ್ಧಕ್ಕಿಂತಲೂ ಕಡಿಮೆಯಿತ್ತೆಂದಿತು. ಆದಿಯ ಗಾಳಿ ದಟ್ಟವಾಗಿ ಕವಿದಿತ್ತೆಂದು ನಂಬಿದವರಿಗೆ ಇದು ದೊಡ್ಡ ಪೆಟ್ಟು.

ಮುಂದಿನ ಕಥೆ ಗೊತ್ತಿರುವಂಥದ್ದೇ. ಆಮ್ಲಜನಕ ಬಹುಕಾಲ ತೀರ ಕಡಿಮೆಯಲ್ಲೇ ಉಳಿದು, ಸುಮಾರು 60 ಕೋಟಿ ವರ್ಷಗಳ ಹಿಂದೆ ಮತ್ತೆ ಏರಿತು. ಸುಮಾರು 30 ಕೋಟಿ ವರ್ಷಗಳ ಹಿಂದೆ, ಕಲ್ಲಿದ್ದಲ ಕಾಡುಗಳ ಕಾಲಕ್ಕೆ, ಶೇ 30ರ ಆಸುಪಾಸಿಗೆ ಹೋಯಿತೆಂಬ ಅಂದಾಜಿದೆ. ಎರಡಡಿಗೂ ಮಿಕ್ಕಿ ರೆಕ್ಕೆ ಹರಡುತ್ತಿದ್ದ, ಡ್ರ್ಯಾಗನ್‌ಫ್ಲೈಯಂಥ ಕೀಟ ಮೆಗಾನ್ಯೂರಾ ಹಾರಿದ್ದು ಆಗಲೇ. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ, ಕೈಗಾರಿಕೆಗೆ ಹಿಂದಿನ 8 ಲಕ್ಷ ವರ್ಷ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 170ರಿಂದ 300 ಭಾಗಗಳ ನಡುವೆಯೇ ಇತ್ತು. ಈಗ 420 ದಾಟಿದೆ.

ಮತ್ತೆ ಸಂಡೂರಿನ ಬಂಡೆಗೆ ಬರೋಣ. ಅದರ ಕೆಂಪು ಆಕ್ಸೈಡಿನ ಹೆಸರು ಹೆಮಟೈಟ್; ಶುದ್ಧ ಹೆಮಟೈಟಿನ ತೂಕದಲ್ಲಿ ಶೇ 30ರಷ್ಟು ಆಮ್ಲಜನಕ. ಸಂಡೂರಿನ ಅದಿರು ತೋರಣಗಲ್ಲಿನ ಊದುಕುಲುಮೆ ಸೇರಿದಾಗ, ಆ ಆಮ್ಲಜನಕವನ್ನು ಕೋಕ್‌ನ ಇಂಗಾಲ ಎಳೆದುಕೊಂಡು ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತದೆ. ಗಾಳಿಯ ಚರಿತ್ರೆ ಮುಗಿದ ಅಧ್ಯಾಯವಲ್ಲ. ಸೂಕ್ಷ್ಮಜೀವಿಗಳು ಕೋಟ್ಯಂತರ ವರ್ಷ ಹಿಡಿದು ಮಾಡಿದ ಕೆಲಸವನ್ನು ನಾವು ಕೆಲವೇ ತಲೆಮಾರುಗಳಲ್ಲಿ ತಿರುವಿಹಾಕುತ್ತಿದ್ದೇವೆ. ಆ ಲೆಕ್ಕ ಬಳ್ಳಾರಿಯ ಮಕ್ಕಳ ಪಠ್ಯದಲ್ಲಿ ಮೊದಲ ಪಾಠವಾಗಬೇಕು.